ಪಿಕ್ಸೆಲ್ ಕೇಳುತ್ತೀರಿ, ಕ್ಯಾಲಿಬ್ರೇಷನ್ ಯಾಕೆ ಕೇಳಲ್ಲ?

ವಾಯುಮಾಲಿನ್ಯ ಅಳೆಯುವ ಹೊಸ ಉಪಗ್ರಹದ ಸುದ್ದಿ ಬಂದಾಗಲೆಲ್ಲ ಮೊದಲ ಪ್ರಶ್ನೆ, ಪಿಕ್ಸೆಲ್, ಅಂದರೆ ಒಂದು ಅಳತೆ ಆವರಿಸುವ ನೆಲದ ತುಂಡು, ಎಷ್ಟು ಕಿಲೋಮೀಟರ್ ಅಂತ. ಹಾರುವ ಮೊದಲು ನೆಲದ ಮೇಲೆ ಉಪಕರಣವನ್ನು ಪರೀಕ್ಷಿಸಿ ಅಳತೆ ಸರಿಹೊಂದಿಸುವ ಕ್ಯಾಲಿಬ್ರೇಷನ್‌ಗೆ ಎಷ್ಟು ತಿಂಗಳು ಇಟ್ಟಿದ್ದೀರಿ ಅಂತ ಕೇಳುವವರು ಕಮ್ಮಿ. ನನ್ನ ಪ್ರಕಾರ ಕೇಳಬೇಕಾದದ್ದು ಅದನ್ನೇ.

ಗಾಳಿಯ ಅನಿಲಗಳನ್ನು ಅಳೆಯುವ ಯುರೋಪಿನ ಉಪಗ್ರಹ ಉಪಕರಣ ಟ್ರೋಪೋಮಿ ನೋಡಿ. 2017ರಲ್ಲಿ ಹಾರಿದಾಗ ಪಿಕ್ಸೆಲ್ 7 × 3.5 ಕಿ.ಮೀ., 2019ರ ಆಗಸ್ಟ್‌ನಿಂದ 5.5 × 3.5. ಒಂದೊಂದು ಅಳತೆಗೆ ಬೆಳಕು ಕೂಡಿಸುವ ಅವಧಿಯನ್ನು 1.08 ಸೆಕೆಂಡಿನಿಂದ 0.84ಕ್ಕೆ ಇಳಿಸಿದರು, ಅಷ್ಟೇ. ಕೆಳಗೆ ನೆಲ ಸೆಕೆಂಡಿಗೆ ಸುಮಾರು 7 ಕಿ.ಮೀ. ಸರಿಯುವುದರಿಂದ ಪಿಕ್ಸೆಲ್ ಕಿರಿದಾಯಿತು, ಜೊತೆಗೆ ಬೆಳಕೂ ಕಮ್ಮಿಯಾಗಿ ನಾಯ್ಸ್, ಅಂದರೆ ಅಳತೆಯ ಏರುಪೇರು, ಹೆಚ್ಚಿತು. ನೈಟ್ರೋಜನ್ ಡೈಆಕ್ಸೈಡ್‌ಗೆ ಇದು ಲಾಭದ ವ್ಯಾಪಾರವೇ. ನಗರದ ಮೇಲೆ ಅದು ಸುತ್ತಲಿಗಿಂತ ಹಲವು ಪಟ್ಟು ಇರುತ್ತದೆ. ಕಾರ್ಬನ್ ಡೈಆಕ್ಸೈಡ್ ಹಾಗಲ್ಲ. ಗಾಳಿಯಲ್ಲಿ ಆಗಲೇ 420 ಪಿಪಿಎಂ (ಹತ್ತು ಲಕ್ಷ ಕಣಗಳಲ್ಲಿ 420) ದಾಟಿದೆ. ಮೇಲಿನಿಂದ ಕೆಳಗಿನವರೆಗಿನ ಇಡೀ ಗಾಳಿಗಂಬದ ಸರಾಸರಿ ತೆಗೆದರೆ ದೊಡ್ಡ ನಗರವೊಂದು ಸೇರಿಸುವುದು 1 ಪಿಪಿಎಂ ಆಸುಪಾಸು. ಕಾರ್ಬನ್ ಡೈಆಕ್ಸೈಡ್ ಅಳೆಯಲೆಂದೇ ರೂಪಿಸಿದ ಯುರೋಪಿನ ಸಿಒ2ಎಂ ಉಪಗ್ರಹ ಯೋಜನೆ 0.7 ಪಿಪಿಎಂ ನಿಖರತೆ ಬೇಡುವುದು ಇದಕ್ಕೇ.

ಕಷ್ಟ ಶುರುವಾಗುವುದು ಇಲ್ಲಿ. ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ ಅನಿಲ ಎಷ್ಟು ಹೀರಿದೆ ಎಂದು ನೋಡುವ ಸ್ಪೆಕ್ಟ್ರೋಮೀಟರಿನೊಳಗೆ ಒಂದೇ ತರಂಗಾಂತರದ ಬೆಳಕು ಬಿಟ್ಟರೂ ಡಿಟೆಕ್ಟರ್ ಮೇಲೆ ಅದು ಸಣ್ಣ ದಿಬ್ಬದಂತೆ ಹರಡುತ್ತದೆ. ಆ ದಿಬ್ಬದ ಆಕಾರ ತಪ್ಪಾಗಿ ಗೊತ್ತಿದ್ದರೆ ಅನಿಲದ ಲೆಕ್ಕವೂ ತಪ್ಪು. ಅಳೆಯಲು ಟ್ಯೂನ್ ಮಾಡಬಲ್ಲ ಲೇಸರನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಸರಿಸುತ್ತ, ಬೆಳಕು ಒಳಬರುವ ಸೀಳಾದ ಸ್ಲಿಟ್‌ನ ಉದ್ದಕ್ಕೂ ಮತ್ತೆ ಮತ್ತೆ ನೋಡಬೇಕು. ಅದೂ ನಿರ್ವಾತದಲ್ಲಿ, ಕಕ್ಷೆಯಲ್ಲಿರುವಷ್ಟೇ ತಣ್ಣಗಿಟ್ಟು. ಗಾಳಿಯಿದ್ದರೆ ತರಂಗಾಂತರ ಜರುಗುತ್ತದೆ, ಬೆಚ್ಚಗಿದ್ದರೆ ಡಿಟೆಕ್ಟರ್‌ನ ಡಾರ್ಕ್ ಕರೆಂಟ್ (ಬೆಳಕಿಲ್ಲದಿದ್ದರೂ ಬರುವ ಸಂಕೇತ) ಏರುತ್ತದೆ. ಲೇಸರಿಗೆ ಅದರದ್ದೇ ಕಾಟ: ಲೇಸರ್ ಬೆಳಕು ತನ್ನೊಳಗೇ ಬೆರೆತು ಮೂಡುವ ಸ್ಪೆಕಲ್ ಚುಕ್ಕೆಗಳು ದಿಬ್ಬದ ಭಾಗವೇ ಎಂಬಂತೆ ಕಾಣುತ್ತವೆ. ಬೆಳಕು ಚದುರಿಸುವ, ತಿರುಗುವ ಡಿಫ್ಯೂಸರ್ ಇಟ್ಟು ಅವನ್ನು ಕಲಕಿಬಿಡಬೇಕು.

ಆಮೇಲೆ ಸ್ಟ್ರೇ ಲೈಟ್, ಅಂದರೆ ಬೀಳಬಾರದ ಕಡೆ ಬೀಳುವ ಬೆಳಕು. 760 ನ್ಯಾನೋಮೀಟರ್ ಬಳಿಯ ಆಮ್ಲಜನಕದ ಪಟ್ಟಿಯಲ್ಲಿ ಗಾಢ ಗೆರೆಗಳ ತಳದಲ್ಲಿ ಬೆಳಕು ಹೆಚ್ಚುಕಡಿಮೆ ಸೊನ್ನೆ. ಅಲ್ಲಿಗೆ ಪಕ್ಕದಿಂದ ಚೂರು ಬೆಳಕು ಸೋರಿದರೂ ಹೀರುವಿಕೆ ಕಮ್ಮಿ ಅನಿಸುತ್ತದೆ, ಗಾಳಿಗಂಬದ ಸರಾಸರಿಗೆ ಬೇಕಾದ ವಾಯುಒತ್ತಡ ಲೆಕ್ಕದಲ್ಲಿ ಕೆಳಗಿಳಿಯುತ್ತದೆ. ಇದನ್ನು ಹಿಡಿಯಲು ಒಂದೇ ಬಿಂದುವಿನ ಬೆಳಕಿಗೆ ಎರಡು ಎಕ್ಸ್‌ಪೋಷರ್ ತೆಗೆಯಬೇಕು: ಚಿಕ್ಕದು ಶಿಖರಕ್ಕೆ, ಶಿಖರ ಸ್ಯಾಚುರೇಟ್ ಆದರೂ ಪರವಾಗಿಲ್ಲವೆಂದು ದೊಡ್ಡದು ಮಸುಕು ಬಾಲಕ್ಕೆ.

ಬೇಕ್‌ಔಟ್, ಅಂದರೆ ಉಪಕರಣವನ್ನು ಕಾಯಿಸಿ ತೇವ ಓಡಿಸುವುದರ ಬಗ್ಗೆ ಒಂದು ಮಾತು. 2002ರಲ್ಲಿ ಯುರೋಪಿನ ಎನ್ವಿಸ್ಯಾಟ್ ಉಪಗ್ರಹದ ಜೊತೆ ಹಾರಿದ ಸಿಯಾಮಾಕಿಯ ಉಪಕರಣದ ತಣ್ಣನೆಯ ಅವಗೆಂಪು ಡಿಟೆಕ್ಟರ್‌ಗಳ ಮೇಲೆ ಮಂಜುಗಡ್ಡೆ ಕೂತು ಬೆಳಕು ಕುಗ್ಗಿತು, ದಿಬ್ಬದ ಆಕಾರವೂ ಕೆಟ್ಟಿತು. ಆಗಾಗ ಬಿಸಿ ಮಾಡಿ ಕರಗಿಸಬೇಕಾಯಿತು. ನಿರೋಧಕ ಹೊದಿಕೆ, ಪ್ಲಾಸ್ಟಿಕ್ಕಿನಲ್ಲಿ ಅಡಗಿದ ತೇವವನ್ನು ನೆಲದ ಮೇಲೇ ನಿರ್ವಾತದಲ್ಲಿ ಕಾಯಿಸಿ ಓಡಿಸಬೇಕು. ಕಕ್ಷೆಗೆ ಹೋದಮೇಲೂ ಡಿಟೆಕ್ಟರನ್ನು ತಣಿಸಲು ಆತುರಪಡಬಾರದು.

ಇಷ್ಟೆಲ್ಲ ಬರುವುದು ಯೋಜನೆಯ ಕೊನೆಯಲ್ಲಿ. ಬೆಳಕು ಬಿಡಿಸುವ ಗ್ರೇಟಿಂಗ್ ತಡವಾಯಿತು, ಎಲೆಕ್ಟ್ರಾನಿಕ್ಸ್ ತಡವಾಯಿತು, ಉಡಾವಣೆ ದಿನ ಮಾತ್ರ ಅಲುಗಲ್ಲ. ಕತ್ತರಿ ಬೀಳುವುದು ಕ್ಯಾಲಿಬ್ರೇಷನ್ ವಾರಗಳಿಗೆ. ಹಾರಿದ ಮೇಲೆ ಟಿಕ್ಕಾನ್ ಕೇಂದ್ರಗಳ (ನೆಲದಿಂದಲೇ ಗಾಳಿಗಂಬದ ಅನಿಲ ಅಳೆಯುವ ಜಾಲ) ಅಳತೆಗೆ ಹೋಲಿಸಿ ಸರಿಮಾಡಿಕೊಳ್ಳೋಣ ಅನ್ನುತ್ತಾರೆ. ಒಪ್ಪಲಾರೆ. ಆ ಕೇಂದ್ರಗಳು ಬೆರಳೆಣಿಕೆಯ ಜಾಗಗಳಲ್ಲಿವೆ. ಮರುಭೂಮಿಯ ಹೊಳಪು, ಧೂಳು, ತೆಳು ಮೋಡ, ಉಪಕರಣದ ದೋಷ ಎಲ್ಲ ಕಲೆತು ಒಂದೇ ಸಂಖ್ಯೆಯಾಗಿ ಕೈಗೆ ಬಂದಾಗ ಯಾವುದು ಯಾರ ತಪ್ಪು ಎಂದು ಬಿಡಿಸಲು ಬೇಕಾಗುವುದು, ನೆಲದ ಮೇಲೆ ಅಳೆಯದೆ ಬಿಟ್ಟ ಅದೇ ದಿಬ್ಬದ ಆಕಾರ.