ಕೆಮ್ಮನ್ನೂ ಕತ್ತರಿಸಬೇಡಿ ಮಾರಾಯ್ರೆ

ಬೆಳಿಗ್ಗೆ ವಾಟ್ಸಾಪ್ ತೆರೆದರೆ ಎಲ್ಲ ಯಕ್ಷಗಾನ ಗ್ರೂಪಿನಲ್ಲೂ ಒಂದೇ ಆಡಿಯೊ. ಯಾರದೋ ಮನೆಯ ಅಟ್ಟದಲ್ಲಿ ಸಿಕ್ಕಿದ ಕ್ಯಾಸೆಟ್ಟಿನಿಂದ ತೆಗೆದ ತಾಳಮದ್ದಳೆಯ ತುಣುಕು; ವೇಷ, ಕುಣಿತವಿಲ್ಲದೆ ಕೂತು ಪದ್ಯ, ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ವಾಲಿಯ ಅರ್ಥ, ಅಂದರೆ ವಾಲಿಯಾಗಿ ಆಡಿದ ಮಾತು, ಬರೀ ನಾಲ್ಕು ನಿಮಿಷ. ಶುರುವಿಗೆ ಒಂದು ಚಾನೆಲ್ಲಿನ ಮ್ಯೂಸಿಕ್ಕು, ನಡುನಡುವೆ "ನಮ್ಮ ಸಂಗ್ರಹದಿಂದ" ಅಂತ ಕಂಪ್ಯೂಟರ್ ಹೆಂಗಸಿನ ದನಿ. ಕೆಳಗೆ ಬರೆದದ್ದು: "ಗದ್ದಲ ಎಲ್ಲ ತೆಗೆದು ಕ್ಲೀನ್ ಮಾಡಿದ್ದೇವೆ." ಯಾವ ಊರು, ಯಾವ ಇಸವಿ, ಪದ್ಯ ಹಾಡಿದ ಭಾಗವತರು ಯಾರು, ಎದುರಿಗೆ ರಾಮನಾಗಿ ಕೂತವರು ಯಾರು, ಟೇಪ್ ಮಾಡಿದವರು ಯಾರು? ಒಂದಕ್ಷರ ಇಲ್ಲ. ಅದಕ್ಕೆ ಸಾಲುಸಾಲು ಕೈಮುಗಿದ ಇಮೋಜಿ. ಓದಿ ನನಗೆ ಎಷ್ಟು ಸಿಟ್ಟು ಬಂತೆಂದರೆ ತಿಂಡಿ ಸೇರಲಿಲ್ಲ.

ಹಳೇ ಕ್ಯಾಸೆಟ್ ಎಂದರೆ ನಾನು ಎಷ್ಟು ದೂರ ಬೇಕಾದರೂ ಹೋಗುತ್ತೇನೆಂದು ನಿಮಗೆಲ್ಲ ಗೊತ್ತು. ಆ ಸಲಿಗೆಯಿಂದಲೇ ಕೇಳುತ್ತಿದ್ದೇನೆ: ನೀವು ತೆಗೆದು ಬಿಸಾಡಿದ ಗದ್ದಲ ಯಾವುದು?

ಎಪ್ಪತ್ತು, ಎಂಬತ್ತರ ದಶಕದಲ್ಲಿ ನಮ್ಮ ಕರಾವಳಿಯ ದೇವಸ್ಥಾನದ ಚಾವಡಿಗೆ, ಶಾಲೆಯ ಹಾಲಿಗೆ ಯಾವ ರೆಕಾರ್ಡಿಂಗ್ ಕಂಪನಿಯೂ ದಿನಾ ಬರುತ್ತಿರಲಿಲ್ಲ. ಗಲ್ಫಿನಿಂದ ಬಂದ ಮಗನೋ ಭಾವನೋ ತಂದುಕೊಟ್ಟ ಟೂ-ಇನ್-ವನ್ (ರೇಡಿಯೊ, ಟೇಪ್ ಎರಡೂ ಇರುವ ಪೆಟ್ಟಿಗೆ) ಹೊತ್ತುಕೊಂಡು ಊರವರೇ ಹೋಗುತ್ತಿದ್ದರು. ವೇದಿಕೆಯ ಬುಡದಲ್ಲಿ, ಇಲ್ಲವೇ ಮೈಕಿನ ಹಾರ್ನ್ ಎದುರಿಗೆ ಇಟ್ಟು ಕಾದು ಕೂರುವುದು. ಸಿ-60 ಕ್ಯಾಸೆಟ್ ಎಂದರೆ ಒಂದು ಸೈಡಿಗೆ ಅರ್ಧ ಗಂಟೆ. ಅರ್ಧ ಗಂಟೆಗೊಮ್ಮೆ ಕತ್ತಲಲ್ಲೇ ತಡವಿ ತಿರುಗಿಸಿ ಹಾಕಬೇಕು. ಹಾಗೆ ರಾತ್ರಿ ನಿದ್ದೆಗೆಟ್ಟವರಿಂದಾಗಿ ಇವತ್ತು ನಿಮ್ಮ ಕೈಯಲ್ಲಿ ಆ ನಾಲ್ಕು ನಿಮಿಷ ಇದೆ. ಅವರ ಹೆಸರು ಕ್ಯಾಸೆಟ್ಟಿನ ಚೀಟಿಯ ಮೇಲೆ ನೀಲಿ ಪೆನ್ನಿನಲ್ಲಿ ಬರೆದಿರುತ್ತದೆ. ಅದರ ಒಂದು ಫೋಟೊ ತೆಗೆಯಲು ಎಷ್ಟು ಹೊತ್ತು ಬೇಕು?

ತಾಳಮದ್ದಳೆಯಲ್ಲಿ ಪದ್ಯ ಮಾತ್ರ ಬರೆದಿಟ್ಟದ್ದು. ಅರ್ಥಗಾರಿಕೆ, ಅಂದರೆ ಪಾತ್ರವಾಗಿ ಕೂತ ಅರ್ಥಧಾರಿಗಳ ಮಾತು, ಪೂರ್ತಿ ಆಶು, ಅಲ್ಲೇ ಹುಟ್ಟುವುದು. ಇವತ್ತು ಆಡಿದ ವಾಲಿಯ ಮಾತು ನಾಳೆ ಅದೇ ಅರ್ಥಧಾರಿಯ ಬಾಯಲ್ಲೂ ಅದೇ ಆಗಿರುವುದಿಲ್ಲ, ಯಾಕೆಂದರೆ ನಾಳೆ ಎದುರಿಗೆ ಕೂತ ರಾಮ ಬೇರೆಯಾಗಿರುತ್ತಾನೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಅಂತ ವಾಲಿ ಕೇಳುತ್ತಾನೆ. ರಾಮ ಏನು ಹೇಳಿದ ಎನ್ನುವುದರ ಮೇಲೆ ವಾಲಿಯ ಮುಂದಿನ ಮಾತು ನಿಲ್ಲುತ್ತದೆ. ನೀವು ರಾಮನನ್ನು ಕತ್ತರಿಸಿ ಒಗೆದು ವಾಲಿಯನ್ನು ಮಾತ್ರ ಉಳಿಸಿದರೆ ಅದು ತಾಳಮದ್ದಳೆ ಹೇಗಾಗುತ್ತದೆ? ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ ಹೋದರು. ಆ ತಲೆಮಾರಿನ ಅರ್ಥಧಾರಿಗಳ ವಾದ ಎಷ್ಟೋ ರಾತ್ರಿಗಳಿಗೆ ಸಂಬಂಧಿಸಿ ಉಳಿದಿರುವುದು ಇಂಥ ಮನೆ ಕ್ಯಾಸೆಟ್ಟುಗಳಲ್ಲೇ. ಬೇರೆ ಪ್ರತಿ ಇಲ್ಲ.

ಇನ್ನು ಗದ್ದಲದ ವಿಷಯ. ಪದ್ಯ ಮುಗಿದ ಕೂಡಲೇ ಮೈಕಿನಲ್ಲಿ ಯಾರೋ ನಡುವೆ ಬಾಯಿ ಹಾಕಿ ಪ್ರಕಟಣೆ ಮಾಡುತ್ತಾರಲ್ಲ, ನೀವು ಮೊದಲು ಕತ್ತರಿಸುವುದು ಅದನ್ನೇ. ಚೀಟಿ ಹರಿದುಹೋದ ಕ್ಯಾಸೆಟ್ಟಿಗೆ ಊರು, ಕಾಲ ಹೇಳುವುದು ಆ ಪ್ರಕಟಣೆಯೇ. ಇಂಥವರ ಮನೆಯ ಹರಕೆ, ಇಂತಿಷ್ಟನೇ ವರ್ಷದ ಸಪ್ತಾಹ, ದಾರಿಗೆ ಅಡ್ಡ ನಿಂತ ಜೀಪಿನ ನಂಬರು, ಎಲ್ಲವೂ ಗುರುತೇ. "ದಕ್ಷಿಣ ಕನ್ನಡ ಜಿಲ್ಲೆ ಉಡುಪಿ ತಾಲೂಕು" ಅಂತ ಒಂದು ಮಾತು ಕೇಳಿದರೆ ಸಾಕು, ಉಡುಪಿ ಬೇರೆ ಜಿಲ್ಲೆಯಾದ 1997ಕ್ಕಿಂತ ಹಿಂದಿನದು ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಬರೆದಿಡಬಹುದು. ಹತ್ತು ಸೆಕೆಂಡಿನ ಮಾತು ಅದು. ನಿಮ್ಮ ಲೆಕ್ಕದಲ್ಲಿ ಕಸ.

ಮತ್ತೆ ಆ ಕ್ಲೀನ್ ಮಾಡುವ ಸಾಫ್ಟ್‌ವೇರ್. ಬದಲಾಗದೆ ಒಂದೇ ಸಮ ಕೇಳುವ ಸದ್ದನ್ನು ಗುರುತಿಸಿ ತೆಗೆಯುವುದು ಇಂಥ ಹೆಚ್ಚಿನ ಸಾಫ್ಟ್‌ವೇರ್‌ಗಳ ಕೆಲಸ. ತಾಳಮದ್ದಳೆಯಲ್ಲಿ ಒಂದೇ ಸಮ ಕೇಳುವುದು ಯಾವುದು? ಶ್ರುತಿ! ಇವತ್ತಿನ ತುಣುಕನ್ನು ಇಯರ್‌ಫೋನ್ ಹಾಕಿ ಕೇಳಿ. ಮಾತಿನ ಸಂದಿಯಲ್ಲಿ ಶ್ರುತಿ ಪೂರ್ತಿ ಮಾಯ, ಅರ್ಥಧಾರಿ ಬಾಯಿ ತೆರೆದೊಡನೆ ಸ್ವಲ್ಪ ಹಿಂದಕ್ಕೆ ಬರುತ್ತದೆ, ಮತ್ತೆ ಮಾಯ. ಮದ್ದಳೆಯ ಪೆಟ್ಟಿನ ನಂತರದ ನಾದ ಇಲ್ಲವೇ ಇಲ್ಲ, ಬರೀ ಟಕ್ ಟಕ್. ಭಾಗವತರು ಯಾವ ಶ್ರುತಿಗೆ ಹಾಡಿದರೋ ಆ ಶ್ರುತಿಯನ್ನೇ ಕಸವೆಂದು ಗುಡಿಸಿದ ಮೇಲೆ ಉಳಿದದ್ದನ್ನು ಕ್ಲೀನ್ ಎನ್ನಲು ಮನಸ್ಸಾದರೂ ಹೇಗೆ ಬರುತ್ತದೆ?

ಆಟದ, ಅಂದರೆ ವೇಷ ಕಟ್ಟಿ ಕುಣಿಯುವ ಯಕ್ಷಗಾನದ ಕ್ಯಾಸೆಟ್ಟುಗಳ ಗತಿಯೂ ಇದೇ. ಭಾಗವತ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ವಯಸ್ಸು ಮೂವತ್ತರ ಆಸುಪಾಸು. ಕೈಯಲ್ಲಿ ಮೊಬೈಲ್ ಹಿಡಿದು ನಿಂತ ಜನ ಆಗ ಇರಲಿಲ್ಲ. ಅವರ ಪದ್ಯ ಮಾತ್ರ ಕತ್ತರಿಸಿ ಹಂಚುತ್ತಾರೆ. ಆ ಪದ್ಯಕ್ಕೆ ಕುಣಿದ ವೇಷದ ಗೆಜ್ಜೆ, ಚೆಂಡೆಯವರ ಏರಿಳಿತ, ಪದ್ಯ ಎತ್ತಿದ ಕ್ಷಣಕ್ಕೆ ಜನ ಹೋ ಎಂದದ್ದು, ಒಂದೂ ಬೇಡವಂತೆ. ಅಮೆರಿಕದ ಡೀನ್ ಬೆನೆಡೆಟ್ಟಿ ಎಂಬವನು 1940ರ ದಶಕದ ಕೊನೆಯಲ್ಲಿ ಕ್ಲಬ್ಬುಗಳಿಗೆ ಯಂತ್ರ ಹೊತ್ತು ಹೋಗಿ ಜಾಝ್ ಸಂಗೀತಗಾರ ಚಾರ್ಲಿ ಪಾರ್ಕರನ ಸ್ಯಾಕ್ಸೊಫೋನನ್ನು ರೆಕಾರ್ಡ್ ಮಾಡುತ್ತಿದ್ದ. ಪಾರ್ಕರ್ ನಿಲ್ಲಿಸಿದರೆ ಇವನೂ ಯಂತ್ರ ನಿಲ್ಲಿಸುತ್ತಿದ್ದ. ಜೊತೆಗೆ ನುಡಿಸಿದವರ ಬಹುಪಾಲು ಹಾಗೇ ಹೋಯಿತು. ಅವನಿಗಾದರೂ ಟೇಪು, ಡಿಸ್ಕಿನ ಖರ್ಚು ಇತ್ತು. ನಿಮಗೆ ಯಾವ ಕೊರತೆ? ಇಡೀ ರಾತ್ರಿಯ ಆಟ ಒಂದು ಪೆನ್‌ಡ್ರೈವಿನ ಮೂಲೆಯಲ್ಲಿ ಕೂರುತ್ತದೆ.

"ಈಗಿನ ಮಕ್ಕಳು ಪೂರ್ತಿ ಎಲ್ಲಿ ಕೇಳುತ್ತಾರೆ, ನಾಲ್ಕು ನಿಮಿಷವಾದರೂ ಕೇಳಲಿ" ಅಂತ ಒಬ್ಬರು ಉತ್ತರ ಕೊಟ್ಟರು. ಕೇಳಲಿ, ಬೇಡವೆಂದವರು ಯಾರು? ತುಣುಕು ಹಾಕಿ, ಜೊತೆಗೆ ಪೂರ್ತಿಯದ್ದು ಎಲ್ಲಿದೆ ಅಂತ ಲಿಂಕ್ ಕೊಡಿ. ಹುಚ್ಚು ಹಿಡಿದವರಿಗೆ ಮುಂದೆ ಹೋಗಲು ದಾರಿ ಬೇಡವೇ? ನನ್ನ ತಕರಾರು ತುಣುಕಿನ ಬಗ್ಗೆ ಅಲ್ಲ. ತುಣುಕು ಮಾಡಿ ಆದ ಮೇಲೆ ಕ್ಯಾಸೆಟ್ ಗುಜರಿಗೆ ಹೋಗುತ್ತದೆ, ಪೂರ್ತಿ ಫೈಲ್ ಡಿಲೀಟ್ ಆಗುತ್ತದೆ. ಅದು ನನ್ನ ತಕರಾರು.

ನನಗೆ ಇದು ಇಷ್ಟು ತಾಗುವುದಕ್ಕೆ ಇನ್ನೊಂದು ಕಾರಣ ಇದೆ, ಇಲ್ಲಿ ಯಾವತ್ತೂ ಬರೆದಿಲ್ಲ. ನಮ್ಮ ದೊಡ್ಡಪ್ಪ ಟೇಪ್ ಮಾಡುತ್ತಿದ್ದವರು. ಅವರ ಫೋಟೊ ಇದೆ, ಕೈಬರಹ ಇದೆ. ದನಿ ಇರುವುದು ಮಾತ್ರ ಒಂದೇ ಕಡೆ: ಒಂದು ಕೃಷ್ಣಸಂಧಾನ ಪ್ರಸಂಗದ ಕ್ಯಾಸೆಟ್ಟಿನ ಶುರುವಿನಲ್ಲಿ, ಪಕ್ಕದಲ್ಲಿದ್ದ ಯಾರಿಗೋ "ಎರಡೂ ಬಟನ್ ಒಟ್ಟಿಗೆ ಒತ್ತು ಮಾಣಿ" ಅನ್ನುತ್ತಾರೆ. ಆಮೇಲೆ ಒಂದು ಕೆಮ್ಮು. ಆಮೇಲೆ ಭಾಗವತರು. ಯಾವನಾದರೂ ಅದನ್ನು ಕ್ಲೀನ್ ಮಾಡಿದ್ದರೆ ದೊಡ್ಡಮ್ಮ ಸಾಯುವ ಮೊದಲು ಗಂಡನ ದನಿ ಕೇಳುತ್ತಿರಲಿಲ್ಲ.

ಮನೆಯಲ್ಲಿ ಕ್ಯಾಸೆಟ್ ಸಿಕ್ಕಿದರೆ ಸಿಕ್ಕಿದ ಕೂಡಲೇ ಪ್ಲೇಯರಿಗೆ ಹಾಕಬೇಡಿ. ನಮ್ಮ ಮಳೆಗೆ ರೀಲಿಗೆ ಬಿಳಿ ಬೂಷ್ಟು ಹಿಡಿದಿರುತ್ತದೆ, ಒಳಗಿನ ಪುಟ್ಟ ಸ್ಪಾಂಜ್ ಬಿದ್ದುಹೋಗಿರುತ್ತದೆ. ಹಾಕಿದರೆ ರೀಲು ಸಿಕ್ಕಿ ಹರಿಯಬಹುದು. ಚೀಟಿಯ ಎರಡೂ ಬದಿಯ ಫೋಟೊ ತೆಗೆಯಿರಿ. ಎರಡೂ ಸೈಡ್ ಮೊದಲಿನಿಂದ ಕೊನೆಯವರೆಗೆ, ಖಾಲಿ ಇದ್ದಂತೆ ಕಂಡರೂ, ವೇವ್ ಫೈಲಾಗಿ ಇಟ್ಟುಕೊಳ್ಳಿ. ವಾಟ್ಸಾಪಿಗೆ ಹಾಕುವುದು ಅದರ ನಕಲು ಮಾತ್ರ. ಕಲಾವಿದರ ಮನೆಯವರು ಬೇಡ ಎಂದರೆ ತೆಗೆಯಿರಿ. ದುಡ್ಡಿಗೆ ಮಾರಬೇಡಿ.

ಇವತ್ತಿನ ತುಣುಕು ಹಾಕಿದವರಿಗೆ ಮೆಸೇಜ್ ಮಾಡಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಅವರ ಪರಿಚಯ ಇದ್ದರೆ ದಯವಿಟ್ಟು ಹೇಳಿ: ಕ್ಯಾಸೆಟ್ ಇನ್ನೂ ಇದ್ದರೆ ನಾನೇ ಬಂದು ಒಯ್ಯುತ್ತೇನೆ, ಪೂರ್ತಿ ಇಳಿಸಿ ಅವರ ಹೆಸರಿನಲ್ಲೇ ಹಾಕುತ್ತೇನೆ, ಕ್ಯಾಸೆಟ್ ಸಮೇತ ವಾಪಸ್ ತಂದುಕೊಡುತ್ತೇನೆ. ಆ ರಾಮ ಏನು ಹೇಳಿದ ಅಂತ ನನಗೆ ಕೇಳಲೇಬೇಕು.