ಗ್ವಸಂತ ಪಂಚಾಯಿತಿಯ ಕಥೆ

ಮಕ್ಕಳ ಕಾದಂಬರಿಯೊಂದನ್ನು ಬರೆದು ಕಳುಹಿಸಿ, ಕಾಲು ಚಾಚಿ ಕುಳಿತಿದ್ದೆ. ಸಂಪಾದಕರ ಫೋನು ಬಂತು. "ಕಥೆ ಚೆನ್ನಾಗಿದೆ ಸರ್. ಆದರೆ ಇದೇ ಮಾಲೆಯ ಇನ್ನೊಂದು ಪುಸ್ತಕದಲ್ಲೂ ನಾಯಕನ ಹೆಸರು ರಾಮ. ನಿಮ್ಮ ಹುಡುಗನಿಗೆ ಬೇರೆ ಹೆಸರಿಟ್ಟುಬಿಡಿ."

31 ಅಧ್ಯಾಯ ಬೆಳೆದ ಹುಡುಗನಿಗೆ ಮತ್ತೆ ನಾಮಕರಣ! ಯೋಚಿಸಿ ವಸಂತ ಎಂದು ಗೊತ್ತುಮಾಡಿದೆ. ಅದರ ಹಿಂದೆ ನನ್ನ ಜಾಣತನವೂ ಇತ್ತು. ಎರಡೂ ಅಕಾರಾಂತ. ರಾಮನಿಗೆ ಎಂಬುದು ವಸಂತನಿಗೆ ಆಗುತ್ತದೆ, ರಾಮನನ್ನು ಎಂಬುದು ವಸಂತನನ್ನು ಆಗುತ್ತದೆ. ಪ್ರತ್ಯಯ ಮುಟ್ಟುವ ಕೆಲಸವೇ ಇಲ್ಲ. ಕಿಟ್ಟಿ ಎಂದಿಟ್ಟಿದ್ದರೆ ಪುಸ್ತಕದ ತುಂಬ "ಕಿಟ್ಟಿನಿಗೆ ಹಸಿವಾಯಿತು" ಎಂದಾಗುತ್ತಿತ್ತು.

ಅಧ್ಯಾಯಕ್ಕೊಂದರಂತೆ 31 ಫೈಲುಗಳಿದ್ದವು. "ಒಂದೊಂದೇ ತೆರೆದು ತಿದ್ದುತ್ತಾ ಕೂರಬೇಡಿ ಮಾವ, ಟರ್ಮಿನಲ್‌ನಲ್ಲಿ ಕಂಪ್ಯೂಟರಿಗೆ ಒಂದು ಸಾಲಿನ ಆಜ್ಞೆ ಬರೆದರೆ ಸಾಕು" ಎಂದ ನನ್ನ ತಂಗಿಯ ಮಗ. ಅವನು ಫೋನಿನಲ್ಲೇ ನಡೆಸಿದ ಅಕ್ಷರಾಭ್ಯಾಸದ ಸಾರ ಇಷ್ಟು: ಗ್ರೆಪ್ ಎಂಬ ಆಜ್ಞೆ ಹುಡುಕುತ್ತದೆ, ಸೆಡ್ ಬದಲಿಸುತ್ತದೆ, ಆಕ್ ಅಂಕಣಗಳನ್ನು ಬಿಡಿಸುತ್ತದೆ. ಈ ಆಕ್ ಎಂಬುದು ಅಹೋ, ವೈನ್‌ಬರ್ಗರ್, ಕರ್ನಿಹಾನ್ ಎಂಬ ಮೂವರ ಹೆಸರಿನ ಮೊದಲ ಅಕ್ಷರಗಳಂತೆ. ಗ್ರೆಪ್ಪಿನ ಕಥೆ ಬೇರೆ. ಎಡ್ ಎಂಬ ಹಳೆಯ ತಂತ್ರಾಂಶದಲ್ಲಿ "ಫೈಲಿಡೀ ಈ ಮಾದರಿಯನ್ನು ಹುಡುಕಿ, ಸಿಕ್ಕ ಸಾಲನ್ನು ಮುದ್ರಿಸು" ಎನ್ನುವುದಕ್ಕೆ ಜಿ/ಆರ್‌ಇ/ಪಿ ಎಂದು ಬರೆಯುತ್ತಿದ್ದರು. 1973ರ ಸುಮಾರಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಅದನ್ನೇ ಬೇರೊಂದು ಆಜ್ಞೆಯಾಗಿ ಮಾಡಿದಾಗ ಓರೆಗೆರೆಗಳು ಉದುರಿ ಹೆಸರು ಉಳಿಯಿತು.

ಮೊದಲು ಹುಡುಕೋಣ ಎಂದು 'ಗ್ರೆಪ್ ರಾಮ' ಎಂದು ಬರೆದು ಎಂಟರ್ ಒತ್ತಿದೆ. ಕಪ್ಪು ಪರದೆಯಲ್ಲಿ ಕರ್ಸರ್ ಮಿನುಗಿತು. ಮಿನುಗುತ್ತಲೇ ಇತ್ತು. 31 ಅಧ್ಯಾಯ ಓದಬೇಕಲ್ಲ, ಪಾಪ, ಹೊತ್ತು ಹಿಡಿಯುತ್ತದೆ ಎಂದು ಕಾಫಿ ಮಾಡಿಕೊಂಡು ಬಂದೆ. ಇನ್ನೂ ಮಿನುಗುತ್ತಿತ್ತು. ಬೇಸತ್ತು "ಏನಾಗಿದೆ ನಿನಗೆ?" ಎಂದು ಬರೆದೆ. ಮಾತಿಲ್ಲ. "ಅಯ್ಯೋ ರಾಮ" ಎಂದು ಬರೆದೆ. ಕೆಳಗಿನ ಸಾಲಿನಲ್ಲಿ ಯಂತ್ರವೂ ಅಂದಿತು: "ಅಯ್ಯೋ ರಾಮ".

ಬೆಚ್ಚಿಬಿದ್ದು ಅಳಿಯನಿಗೆ ಫೋನು ಮಾಡಿದೆ. ಅವನು ನಕ್ಕು ಮುಗಿಸಿ ವಿವರಿಸಿದ. ಯಾವ ಫೈಲಿನಲ್ಲಿ ಹುಡುಕಬೇಕೆಂದು ನಾನು ಹೇಳಿರಲೇ ಇಲ್ಲ. ಫೈಲಿನ ಹೆಸರಿಲ್ಲದಿದ್ದರೆ ಗ್ರೆಪ್ ಕೀಲಿಮಣೆಗೆ ಕಿವಿಗೊಟ್ಟು ಕೂರುತ್ತದೆ. ನಾನು ಬೈದ ಸಾಲಿನಲ್ಲಿ ರಾಮ ಇರಲಿಲ್ಲ, ಬಿಟ್ಟಿತು. ಹಲುಬಿದ ಸಾಲಿನಲ್ಲಿ ಇದ್ದ, ಹೆಕ್ಕಿ ಕೊಟ್ಟಿತು.

ಇಷ್ಟಾದ ಮೇಲೆ ಹುಡುಕಾಟದ ಗೋಜೇ ಬೇಡವೆನಿಸಿ ನೇರವಾಗಿ ಸೆಡ್ಡಿಗೆ ಕೈಹಾಕಿದೆ. ಎಸ್/ರಾಮ/ವಸಂತ/ಜಿ, ಅಂದರೆ ರಾಮ ಕಂಡಲ್ಲೆಲ್ಲ ವಸಂತ ಎಂದು ಬದಲಿಸು. ಎದುರಿಗೆ 'ಮೈನಸ್ ಐ', ಅಂದರೆ ಫೈಲಿನೊಳಗೇ ತಿದ್ದು. ಕೊನೆಗೊಂದು ನಕ್ಷತ್ರ, ಅಂದರೆ ಇರುವ ಫೈಲುಗಳೆಲ್ಲಕ್ಕೂ. ಎಂಟರ್. ರೆಪ್ಪೆ ಬಡಿಯುವುದರೊಳಗೆ ಕೆಲಸ ಮುಗಿದಿತ್ತು. ಹೆಮ್ಮೆಯಿಂದ ಮೊದಲ ಅಧ್ಯಾಯ ತೆರೆದೆ.

"ವಸಂತನದು ಪುಟ್ಟ ಗ್ವಸಂತ. ಬೇಸಿಗೆ ರಜೆ ಬಂತೆಂದರೆ ಅವನಿಗೆ ಆವಸಂತ. ಅಜ್ಜಿ ಜಗಲಿಯಲ್ಲಿ ಕುಳಿತು ವಸಂತಾಯಣ ಹೇಳುತ್ತಿದ್ದಳು."

ಮೈ ಬೆವರಿತು. ಐದನೆಯ ಅಧ್ಯಾಯದಲ್ಲಿ ವಸಂತನವಮಿಯ ಪಾನಕಕ್ಕೆ 250 ಗ್ವಸಂತ್ ಬೆಲ್ಲ ಹಾಕಿದ್ದರು. ಗ್ವಸಂತ ಪಂಚಾಯಿತಿಯ ಅಧ್ಯಕ್ಷರು ಸಾಂಕ್ವಸಂತಿಕ ರೋಗಗಳ ಬಗ್ಗೆ ಅಲ್ಪವಿವಸಂತವೂ ಇಲ್ಲದೆ ಭಾಷಣ ಮಾಡಿದ್ದರು. ಪರಶುವಸಂತನು ಕೊಡಲಿ ಎತ್ತಿದ್ದ; ಅದು ನನ್ನ ಮೇಲೆಯೇ ಇರಬೇಕು.

ರಾಮಾಯಣದೊಳಗೆ ರಾಮನಿರುವುದು ಸರಿ, ಗ್ರಾಮದೊಳಗೆ ಎಲ್ಲಿಂದ ಬಂದ? ನಮ್ಮ ಕಣ್ಣಿಗೆ 'ಗ್ರಾ' ಒಂದೇ ಅಕ್ಷರ. ಯಂತ್ರಕ್ಕೆ ಅದು ಗ, ಹಲಂತದ ಚಿಹ್ನೆ, ರ, ಆಕಾರದ ಇಳಿ ಎಂದು ನಾಲ್ಕು ತುಂಡು. ಹಿಂದೆ ಮ ನಿಂತಿತೆಂದರೆ ರಾಮ ತಯಾರು. ನಾವು ಒಂದಕ್ಷರವೆಂದು ತಿಳಿದ 'ಸ್ತ್ರೀ' ಅದರ ಲೆಕ್ಕದಲ್ಲಿ ಆರು. ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ ಉಳಿಸಿದರೆ 18 ಬೈಟು. ಮಾದರಿಯಲ್ಲಿ ಒಂದು ಚುಕ್ಕೆ ಇಟ್ಟರೆ 'ಯಾವುದಾದರೂ ಒಂದು ಅಕ್ಷರ' ಎಂದರ್ಥ ಎಂದು ಅಳಿಯ ಹೇಳಿಕೊಟ್ಟಿದ್ದ. ಯಾರ ಅಕ್ಷರ ಎಂದು ಹೇಳಿರಲಿಲ್ಲ.

"ಹಿಂದಕ್ಕೆ ತರುವುದು ಹೇಗೋ?"

"ಮೈನಸ್ ಐ ಕೊಟ್ಟಿರಾ ಮಾವ? ಅದರ ಪಕ್ಕ ಚುಕ್ಕೆ ಬ್ಯಾಕ್ ಎಂದು ಬರೆದಿದ್ದರೆ ಹಳೆಯ ಪ್ರತಿ ಉಳಿಯುತ್ತಿತ್ತು."

ಇದನ್ನು ಮೊದಲೇ ಹೇಳಬಾರದಿತ್ತೇ? ಪುಣ್ಯಕ್ಕೆ ಸಂಪಾದಕರಿಗೆ ಕಳುಹಿಸಿದ ಮಿಂಚಂಚೆಯಲ್ಲಿ ಮೂಲ ಫೈಲುಗಳು ಕುಳಿತಿದ್ದವು.

ಎರಡನೆಯ ಸಲ ಎಚ್ಚರದಿಂದ ಹೊರಟೆ. ರಾಮನ ಎಡಕ್ಕೆ ಖಾಲಿ ಜಾಗವಿರಬೇಕು ಅಥವಾ ಅವನು ಸಾಲಿನ ಆರಂಭದಲ್ಲಿರಬೇಕು. ಸಾಲಿನ ಆರಂಭಕ್ಕೆ ^ ಎಂಬ ಟೋಪಿ. ಗ್ರಾಮ, ಆರಾಮ, ಪರಶುರಾಮ ಪಾರಾದರು. ಬಲಗಡೆಗೂ ಖಾಲಿ ಜಾಗ ಇರಲಿ ಎನ್ನೋಣವೆಂದರೆ ಕನ್ನಡ ಬಿಡುವುದಿಲ್ಲ. ಪ್ರತ್ಯಯಗಳು ನಾಮಪದಕ್ಕೆ ಅಂಟಿಕೊಂಡೇ ಬರುತ್ತವೆ. ಬಲಗಡೆ ತೆರೆದಿಟ್ಟರೆ ರಾಮಾಯಣ ಒಳಗೆ ಬರುತ್ತದೆ. 'ರಾಮನ' ಎಂದು ಕೊಟ್ಟರೆ ರಾಮನವಮಿಯೂ ಸಿಕ್ಕಿಬೀಳುತ್ತದೆ.

ಆಗ ನೆನಪಾದದ್ದು ಪ್ರಾಥಮಿಕ ಶಾಲೆ. ಮೇಷ್ಟರು ಬೆತ್ತ ಹಿಡಿದು ನಿಂತು ನಮ್ಮಿಂದ ಹೇಳಿಸುತ್ತಿದ್ದ ವಿಭಕ್ತಿ: ರಾಮನು, ರಾಮನನ್ನು, ರಾಮನಿಂದ, ರಾಮನಿಗೆ, ರಾಮನ ದೆಸೆಯಿಂದ, ರಾಮನ, ರಾಮನಲ್ಲಿ. ಅದನ್ನೇ ಕಂಸದೊಳಗಿಟ್ಟು, ನಡುವೆ ಒಂದೊಂದು ನೆಟ್ಟಗೆರೆ ಎಳೆದೆ: (ನು|ನನ್ನು|ನಿಂದ|ನಿಗೆ|ನ|ನಲ್ಲಿ). ನೆಟ್ಟಗೆರೆ ಎಂದರೆ 'ಇದು ಅಥವಾ ಅದು'. ಕೊನೆಗೆ ಖಾಲಿ ಜಾಗವೋ ವಿರಾಮ ಚಿಹ್ನೆಯೋ ಬರಬೇಕೆಂದು ಕಟ್ಟುಮಾಡಿದ್ದರಿಂದ ನವಮಿ ಹೊರಗೇ ಉಳಿಯಿತು. ಪ್ರತ್ಯಯವಿಲ್ಲದ ಬರಿಯ ರಾಮನಿಗೂ ಒಂದು ಜಾಗ ಕೊಟ್ಟೆ. ಬದಲಿಸುವ ಮೊದಲು ಗ್ರೆಪ್ಪಿಗೆ, ಈ ಸಲ ಫೈಲಿನ ಹೆಸರು ಸಮೇತ, ಕೊಟ್ಟು ಸಿಕ್ಕ ಸಾಲುಗಳನ್ನೆಲ್ಲ ಓದಿದೆ. ರಾಮನೂ, ರಾಮನೇ, ರಾಮನಂತೂ ಎಂಬ ತುಂಟರು ಹೊರಗುಳಿದಿದ್ದರು. ಅವರನ್ನು ಕೈಯಿಂದಲೇ ತಿದ್ದಿದೆ. ಒಟ್ಟು ಎರಡು ದಿನ ಹಿಡಿಯಿತು. ಒಂದೊಂದೇ ಫೈಲು ತೆರೆದಿದ್ದರೆ ಒಂದು ಮಧ್ಯಾಹ್ನ ಸಾಕಾಗುತ್ತಿತ್ತು ಎಂದು ಹೆಂಡತಿ ಲೆಕ್ಕ ಹಾಕಿ ಹೇಳಿದಳು. ಅಳಿಯನಿಗೆ ಇದನ್ನು ತಿಳಿಸಿಲ್ಲ.

ವಾರದ ಬಳಿಕ ಸಂಪಾದಕರು ಮತ್ತೆ ಫೋನು ಮಾಡಿದರು. "ಸರ್, ಒಂಬತ್ತನೆಯ ಅಧ್ಯಾಯದಲ್ಲಿ ಹಾಲು ಉಕ್ಕಿ ಚೆಲ್ಲಿದಾಗ ಅಜ್ಜಿ 'ಅಯ್ಯೋ ವಸಂತ!' ಎಂದು ಹಣೆ ಚಚ್ಚಿಕೊಳ್ಳುತ್ತಾಳಲ್ಲ, ಬಹಳ ಹಿಡಿಸಿತು. ಕಷ್ಟ ಬಂದಾಗ ದೇವರ ಬದಲು ಮೊಮ್ಮಗನನ್ನು ಕರೆಯುತ್ತಾಳೆ. ಇಂಥದ್ದೆಲ್ಲ ನಿಮಗೆ ಹೇಗೆ ಹೊಳೆಯುತ್ತದೆ?"

"ಹೀಗೇ, ಬರೆಯುತ್ತಾ ಬರೆಯುತ್ತಾ" ಎಂದೆ.