ಡಕೋಟ ಒಮ್ಮೆ ಬಜ್ಪೆಗೂ ಬರಲಿ

ನಮ್ಮ ಕಡೆ ಸನ್ಮಾನಕ್ಕೇನೂ ಬರಗಾಲ ಇಲ್ಲ. ಮಂಗಳೂರಿನ ಪುರಭವನ ಇರಲಿ, ಉಡುಪಿಯ ಯಾವುದೋ ಶಾಲೆಯ ವಾರ್ಷಿಕೋತ್ಸವ ಇರಲಿ, ಮಾಜಿ ಸೈನಿಕರನ್ನು ವೇದಿಕೆಗೆ ಕರೆಯುತ್ತೇವೆ. ಶಾಲು, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಆಮೇಲೆ ಎಂಬತ್ತರ ಆ ಹಿರಿಯರು ಉಳಿದವರ ಭಾಷಣ ಮುಗಿಯುವವರೆಗೆ ಅಲ್ಲೇ ಕೂತಿರಬೇಕು. ಅವರ ಸರದಿ ಬಂದಾಗ ನಿರೂಪಕರು "ಸಮಯದ ಅಭಾವ ಉಂಟು, ಎರಡೇ ಮಾತು" ಅಂತಾರೆ!

ನನ್ನನ್ನು ಕೇಳಿದರೆ, ಅವರು ದುಡಿದ ವಿಮಾನವನ್ನೇ ಒಮ್ಮೆ ಅವರ ತಲೆಯ ಮೇಲೆ ಹಾರಿಸುವುದು ಇದಕ್ಕಿಂತ ದೊಡ್ಡ ಮರ್ಯಾದೆ.

ಅಮೆರಿಕದವರು ಇದನ್ನು ಮಾಡಿ ತೋರಿಸಿದ್ದಾರೆ. ಎರಡನೇ ಮಹಾಯುದ್ಧದಲ್ಲಿ, 1942ರ ಏಪ್ರಿಲ್ 18ರಂದು, ಡೂಲಿಟಲ್ ಎಂಬ ಸೇನಾಧಿಕಾರಿಯ ನೇತೃತ್ವದಲ್ಲಿ 80 ಮಂದಿ 16 ಬಿ-25 ಬಾಂಬರ್‌ಗಳಲ್ಲಿ ಹಡಗಿನಿಂದ ಹಾರಿ ಜಪಾನ್ ಮೇಲೆ ಬಾಂಬ್ ಹಾಕಿದ್ದರು. ಬದುಕಿ ಬಂದವರು ಯುದ್ಧ ಮುಗಿದ ಮೇಲೂ ಒಟ್ಟು ಸೇರುತ್ತಲೇ ಇದ್ದರು. ಪ್ರತಿಯೊಬ್ಬರ ಹೆಸರಿನ ಒಂದೊಂದು ಬೆಳ್ಳಿ ಲೋಟ ಇತ್ತು. ತೀರಿಹೋದವರ ಲೋಟ ಬೋರಲು. 2012ರಲ್ಲಿ, ದಾಳಿಗೆ 70 ವರ್ಷ ತುಂಬಿದಾಗ, ಓಹಿಯೊದ ಡೇಟನ್‌ನಲ್ಲಿ 20 ಬಿ-25ಗಳು ಒಟ್ಟಿಗೆ ಹಾರಿದವು. ಅವರಲ್ಲಿ ಕೊನೆಯವರಾದ ರಿಚರ್ಡ್ ಕೋಲ್ 2019ರಲ್ಲಿ 103ನೇ ವಯಸ್ಸಿನಲ್ಲಿ ಹೋದರು. ಇನ್ನು ಎಷ್ಟು ವಿಮಾನ ಹಾರಿಸಿದರೂ ನೋಡಲು ಅವರ ಪೈಕಿ ಯಾರೂ ಇಲ್ಲ.

ನಮ್ಮಲ್ಲಿ ವಿಮಾನ ಇಲ್ಲವೇ? ಉಂಟು. ವಾಯುಪಡೆಯ ಹಳೆ ವಿಮಾನಗಳ ಪೈಕಿ ಒಂದು ಡಕೋಟ ಇದೆ, ಸೈನಿಕರನ್ನೂ ಸಾಮಾನನ್ನೂ ಸಾಗಿಸುತ್ತಿದ್ದ ಎರಡು ಎಂಜಿನ್ನಿನ ವಿಮಾನ. ಹೆಸರು ಪರಶುರಾಮ. (ಪರಶುರಾಮ ಸೃಷ್ಟಿ ಅನ್ನಿಸಿಕೊಂಡ ನಮ್ಮ ಕರಾವಳಿಗೇ ಅದು ಇನ್ನೂ ಬಂದಿಲ್ಲವೆಂದರೆ ಹೇಗೆ ಹೇಳಿ!) ತಂದೆ ಡಕೋಟ ಪೈಲಟ್ ಆಗಿದ್ದರು ಅಂತ ಆಗಿನ ಸಂಸದ ರಾಜೀವ್ ಚಂದ್ರಶೇಖರ್ ಅದನ್ನು ಕೊಡಿಸಿದ್ದು. ಬ್ರಿಟನ್ನಿನಲ್ಲಿ ರಿಪೇರಿಯಾಗಿ 2018ರಲ್ಲಿ ಹಾರಿಕೊಂಡೇ ಭಾರತಕ್ಕೆ ಬಂತು. ಮೈಮೇಲಿನ ನಂಬರು ವಿಪಿ 905. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರಕ್ಕೆ ಇಳಿಸಿದ ಡಕೋಟದ ನೆನಪಿಗೆ ಆ ನಂಬರು. 1971ರ ಯುದ್ಧದಲ್ಲಿ, ಡಿಸೆಂಬರ್ 11ರಂದು, ಈಗಿನ ಬಾಂಗ್ಲಾದೇಶದ ತಂಗೈಲ್‌ನಲ್ಲಿ ಪ್ಯಾರಾಟ್ರೂಪರ್‌ಗಳನ್ನು ಇಳಿಸಿದ ವಿಮಾನಗಳಲ್ಲೂ ಡಕೋಟಗಳಿದ್ದವು. 2021 ಮತ್ತು 2022ರ ಗಣರಾಜ್ಯೋತ್ಸವದಲ್ಲಿ ಪರಶುರಾಮ ದಿಲ್ಲಿಯ ಮೇಲೆ ಹಾರಿತು. ಚಂದವೇ. ಆದರೆ ಬ್ರಹ್ಮಾವರದಲ್ಲೋ ಮೂಡುಬಿದಿರೆಯಲ್ಲೋ ಮಂಡಿನೋವಿನಿಂದ ಕೂತವರು ಅದನ್ನು ಟಿವಿಯಲ್ಲಿ ನೋಡಬೇಕಾಯಿತು.

ನನ್ನ ಸಂಬಂಧದಲ್ಲಿ ಒಬ್ಬರು ದೊಡ್ಡಪ್ಪ ಏರ್‌ಫೋರ್ಸಿನಲ್ಲಿ ಎಂಜಿನ್ ಫಿಟ್ಟರ್ ಆಗಿದ್ದರು. ಯುದ್ಧದ ಬಗ್ಗೆ ಕೇಳಿದರೆ "ನಮ್ಮದೆಂತ ಮಾರಾಯ, ಗ್ರೀಸು, ಸ್ಪಾನರು" ಅಂತ ಮಾತು ಮುಗಿಸುತ್ತಾರೆ. ಡಕೋಟದ ಎಂಜಿನ್ ಸುದ್ದಿ ಎತ್ತಿದರೆ ಮಾತ್ರ ಊಟ ತಣ್ಣಗಾದರೂ ನಿಲ್ಲಿಸುವುದಿಲ್ಲ. ಒಂದೊಂದು ಎಂಜಿನ್ನಿಗೆ ಸುತ್ತಲೂ 14 ಸಿಲಿಂಡರ್. ನಿಂತಿದ್ದಾಗ ಕೆಳಗಿನ ಸಿಲಿಂಡರಿಗೆ ಎಣ್ಣೆ ಇಳಿದು ನಿಲ್ಲುತ್ತದೆ. ಅದಕ್ಕೇ ಸ್ಟಾರ್ಟ್ ಮಾಡುವ ಮೊದಲು ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ ನೋಡಬೇಕು. ಹಾಗೇ ಸ್ಟಾರ್ಟ್ ಕೊಟ್ಟರೆ ಎಂಜಿನ್ನೇ ಮುರಿದೀತು. ಆಮೇಲೆ ಎರಡು ಎಂಜಿನ್ನಿನ ಸದ್ದು ಒಂದೇ ಹದಕ್ಕೆ ಬರಬೇಕು, "ಕಣ್ಣು ಮುಚ್ಚಿ ಹೇಳ್ತಿದ್ದೆವು ನಾವು" ಅಂತಾರೆ. ಕರಾವಳಿಯಿಂದ ಹೋದ ಎಷ್ಟೋ ಜನ ಇಂಥ ಕೆಲಸದವರೇ. ಇವರಿಗೆ ಶಾಲು ಹೊದೆಸಿದರೆ ಏನು ಬಂತು? ಆ ಸದ್ದು ಕೇಳಿಸಬೇಕು.

ಖರ್ಚು, ಅಪಾಯ ಅಂತ ಹೇಳುವವರಿದ್ದಾರೆ. ಖರ್ಚಿನ ಮಾತು ನನಗೆ ಅಷ್ಟು ಹಿಡಿಸುವುದಿಲ್ಲ, ನಾವು ಪಟಾಕಿಗೆ ಸುಡುವ ದುಡ್ಡು ಕಮ್ಮಿಯೇ? ಅಪಾಯದ ಮಾತು ಮಾತ್ರ ನಿಜ. 2022ರ ನವೆಂಬರ್‌ನಲ್ಲಿ ಡಲ್ಲಾಸ್‌ನಲ್ಲಿ ಇಂಥ ಪ್ರದರ್ಶನದಲ್ಲೇ ಎರಡು ಹಳೆ ವಿಮಾನ ಡಿಕ್ಕಿಯಾಗಿ ಆರು ಜನ ಸತ್ತರು. ಹಾಗಾಗಿ ಸರ್ಕಸ್ ಬೇಡ. ಒಂದೇ ವಿಮಾನ, ನೇರ ಹಾರಾಟ, ಅದೂ ಪಣಂಬೂರಿನ ಕಡಲಿನ ಮೇಲೆ. ಜನ ದಡದಲ್ಲಿರಲಿ.

ಆಮೇಲೆ ಬಜ್ಪೆಯಲ್ಲಿ, ಮಂಗಳೂರಿನ ವಿಮಾನ ನಿಲ್ದಾಣದಲ್ಲಿ, ಇಳಿಯಲಿ. 1951ರ ಡಿಸೆಂಬರ್ 25ರಂದು ಆ ನಿಲ್ದಾಣ ಶುರುವಾದಾಗ ನೆಹರೂ ಬಂದಿಳಿದದ್ದು ಕೂಡ ಡಕೋಟದಲ್ಲೇ, ಅಂದರೆ ಡಿಸಿ-3 ಮಾದರಿಯ ವಿಮಾನದಲ್ಲಿ. ಹಿರಿಯರು ಹತ್ತಿರ ಹೋಗಿ ಮುಟ್ಟಿ ನೋಡಲಿ, ಈಗಿನ ಹುಡುಗರಿಗೆ ನಾಲ್ಕು ಮಾತು ಬೈದು ಹೇಳಿಕೊಡಲಿ.

1971ರಲ್ಲಿ ಇಪ್ಪತ್ತರ ಹುಡುಗರಾಗಿದ್ದವರಿಗೆ ಈಗ ಎಪ್ಪತ್ತೈದರ ಆಸುಪಾಸು. ಮಳೆಗಾಲ ಬೇಡ, ಬಜ್ಪೆಯ ಮೋಡ ಗೊತ್ತಲ್ಲ. ಡಿಸೆಂಬರ್ 16, ವಿಜಯ ದಿವಸ, ಬೆಳಿಗ್ಗೆ ಆದರೆ ಬಿಸಿಲೂ ಜಾಸ್ತಿ ಇರುವುದಿಲ್ಲ. ವೇದಿಕೆ ಬೇಡ, ಭಾಷಣ ಬೇಡವೇ ಬೇಡ. ನೆರಳು, ಕುರ್ಚಿ, ಕುಡಿಯುವ ನೀರು, ಹತ್ತಿರದಲ್ಲೊಂದು ಟಾಯ್ಲೆಟ್ ಸಾಕು. ವಾಯುಪಡೆಗೆ ಅರ್ಜಿ ನಾನು ಬರೆಯುತ್ತೇನೆ. ನಿಮ್ಮ ಮನೆಯಲ್ಲಿ, ವಠಾರದಲ್ಲಿ ಅಂಥವರಿದ್ದರೆ ಕಮೆಂಟಿನಲ್ಲಿ ಊರು ತಿಳಿಸಿ. ಪೈಲಟ್ಟೇ ಆಗಬೇಕೆಂದಿಲ್ಲ. ಸ್ಟೋರಿನಲ್ಲಿದ್ದವರೂ ಅಡುಗೆ ಮಾಡಿದವರೂ ಲೆಕ್ಕಕ್ಕುಂಟು.